ಎಡಗಡೆಯ ನರದ ಜಗಳ: ವೇರಿಕೋಸೀಲ್ ಆಪರೇಷನ್ ಇಲ್ಲಿಗೆ ಬಂದಿದ್ದು ಹೇಗೆ?

ನನ್ನ ಚಿಕ್ಕಪ್ಪನ ಮಗ ಸೇನೆಗೆ ಸೇರಲು ಹೋಗಿದ್ದ. ಓಟದಲ್ಲಿ ಪಾಸ್, ಎದೆ ಅಳತೆಯಲ್ಲಿ ಪಾಸ್, ಮೆಡಿಕಲ್‌ನಲ್ಲಿ ಅನ್‌ಫಿಟ್. ಚೀಟಿಯಲ್ಲಿ ‘ವೇರಿಕೋಸೀಲ್’ ಅಂತ ಬರೆದಿತ್ತು. ಅಲ್ಲಿಯವರೆಗೆ ಅವನಿಗೆ ನೋವೂ ಇರಲಿಲ್ಲ, ಆ ಪದವೂ ಗೊತ್ತಿರಲಿಲ್ಲ. ಮದುವೆಯಾಗಿ ಮೂರು ವರ್ಷ ಮಕ್ಕಳಾಗದೆ ಸ್ಕ್ಯಾನಿಂಗ್‌ಗೆ ಹೋದವರಿಗೂ ಇದೇ ಪದ ಎದುರಾಗುತ್ತದೆ. ತೊಂದರೆ ಒಂದೇ, ಆಪರೇಷನ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಬೇರೆ ಬೇರೆ.

ಜನ ಇದಕ್ಕೆ ‘ಬೀಜದ ನರ ಊದಿದೆ’ ಅಂತಾರೆ. ನಿಜಕ್ಕೂ ಅದು ರಕ್ತನಾಳ. ವೃಷಣದಿಂದ ಮೇಲಕ್ಕೆ ಹೋಗಬೇಕಾದ ರಕ್ತ ಹಿಂದಕ್ಕೆ ಇಳಿದು ಅಲ್ಲೇ ನಿಂತರೆ ನಾಳ ಹಿಗ್ಗುತ್ತದೆ. ಮುಟ್ಟಿದರೆ ಚೀಲದಲ್ಲಿ ಎರೆಹುಳು ತುಂಬಿದ ಹಾಗಿರುತ್ತದೆ. ನೂರಕ್ಕೆ ಸುಮಾರು 15 ಗಂಡಸರಲ್ಲಿ ಇದು ಇದೆ, ಹೆಚ್ಚಿನವರಿಗೆ ಎಡಗಡೆಯೇ. ಬಲಗಡೆಯ ನಾಳ ದೇಹದ ದೊಡ್ಡ ರಕ್ತನಾಳಕ್ಕೆ ಓರೆಯಾಗಿ ಸೇರುತ್ತದೆ. ಎಡಗಡೆಯದು ಕಿಡ್ನಿಯ ನಾಳಕ್ಕೆ ನೇರವಾಗಿ ಹೋಗಿ ಗುದ್ದುತ್ತದೆ. ನಿಂತ ರಕ್ತದ ಬಿಸಿ ವೀರ್ಯಾಣುಗಳಿಗೆ ಆಗಿಬರುವುದಿಲ್ಲ. ಹಾಗಂತ ಇದು ಇರುವವರಿಗೆಲ್ಲ ಮಕ್ಕಳಾಗುವುದಿಲ್ಲ ಅಂತೇನೂ ಇಲ್ಲ.

ರೋಮ್‌ನ ಸೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಈ ಊದಿದ ನಾಳಗಳ ಬಗ್ಗೆ ಬರೆದಿದ್ದ. 1918ರಲ್ಲಿ ಬ್ಯೂನಸ್ ಐರಿಸ್‌ನ ಇವಾನಿಸೆವಿಚ್ ತೊಡೆಸಂದಿಯಲ್ಲಿ ಕೊಯ್ದು ನಾಳ ಕಟ್ಟುವ ದಾರಿ ತೋರಿಸಿದರು. 1949ರಲ್ಲಿ ಪಲೋಮೊ ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಕಟ್ಟಿದರು. ಆಮೇಲೆ ಬಂದಿದ್ದು 1950ರ ದಶಕ. ಎಡಿನ್‌ಬರೋದ ಟುಲ್ಲಾಕ್ ಎಂಬ ಸರ್ಜನ್ ವೀರ್ಯಾಣುವೇ ಇಲ್ಲದ ಒಬ್ಬನಿಗೆ ಎರಡೂ ಕಡೆ ಆಪರೇಷನ್ ಮಾಡಿದರು. ಅವನು ಅಪ್ಪನಾದ. ಅಷ್ಟೇ, ನೋವಿಗೆ ಮಾಡುತ್ತಿದ್ದ ಆಪರೇಷನ್ ಮಕ್ಕಳಿಗಾಗಿ ಮಾಡುವ ಆಪರೇಷನ್ ಆಯಿತು.

ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಇದಕ್ಕೆ ಬಂದಿದ್ದು 1980ರ ದಶಕದ ಕೊನೆಗೆ, ಸ್ಪೇನ್‌ನಲ್ಲಿ. ನಮ್ಮಲ್ಲಿ 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಕ್ಯಾಮೆರಾ ಹಾಕಿ ಪಿತ್ತಕೋಶ ತೆಗೆದರು. ಆ ಕ್ಯಾಮೆರಾ ನಿಧಾನಕ್ಕೆ ಸಣ್ಣ ಊರುಗಳ ನರ್ಸಿಂಗ್ ಹೋಮ್‌ಗೂ ಬಂತು. ಹೊಟ್ಟೆಗೆ ಗ್ಯಾಸ್ ತುಂಬಿ, ಮೂರು ಸಣ್ಣ ತೂತು ಮಾಡಿ, ಮೇಲಿನಿಂದಲೇ ನಾಳಕ್ಕೆ ಕ್ಲಿಪ್ ಹಾಕುತ್ತಾರೆ. ಎರಡೂ ಕಡೆ ತೊಂದರೆ ಇದ್ದರೂ ತೂತು ಅವೇ ಸಾಕು. ಅದು ಸಣ್ಣ ಲಾಭ ಅಲ್ಲ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಮಾರ್ಮರ್, ಗೋಲ್ಡ್‌ಸ್ಟೀನ್ ಮುಂತಾದ ಸರ್ಜನ್‌ಗಳು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ನಾಳ ಕಟ್ಟತೊಡಗಿದರು. 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ, ತೊಂದರೆ ಮರುಕಳಿಸಿದ್ದು ಪಲೋಮೊ ವಿಧಾನದಲ್ಲಿ ನೂರಕ್ಕೆ ಸುಮಾರು 15 ಜನರಿಗೆ, ಲ್ಯಾಪ್ರೋಸ್ಕೋಪಿಯಲ್ಲಿ 4, ಮೈಕ್ರೋಸ್ಕೋಪ್‌ನಲ್ಲಿ 1. ವೃಷಣದ ಸುತ್ತ ನೀರು ತುಂಬುವ ಹೈಡ್ರೋಸೀಲ್‌ನ ಲೆಕ್ಕದಲ್ಲೂ ಮೈಕ್ರೋಸ್ಕೋಪೇ ಮುಂದೆ. ಆದರೆ ಅದಕ್ಕೆ ಕೈ ಪಳಗಬೇಕು, ಹೊತ್ತೂ ಜಾಸ್ತಿ ಬೇಕು. ಪಿತ್ತಕೋಶಕ್ಕೆ, ಅಪೆಂಡಿಕ್ಸ್‌ಗೆ ಅಂತ ತಂದ ಕ್ಯಾಮೆರಾ ಥಿಯೇಟರ್‌ನಲ್ಲಿ ಸಿದ್ಧವಾಗಿರುವಾಗ ಕೈ ಅದರ ಕಡೆಗೇ ಹೋಗುತ್ತದೆ, ಅಲ್ವಾ? ಇದರಲ್ಲಿ ಯಾರ ಕೆಟ್ಟ ಬುದ್ಧಿಯನ್ನೂ ಹುಡುಕಬೇಕಿಲ್ಲ.

ದೊಡ್ಡ ಜಗಳ ನಡೆದಿದ್ದು ಉಪಕರಣದ ಬಗ್ಗೆ ಅಲ್ಲ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಒಂದು ವಿಮರ್ಶೆ, ಮಕ್ಕಳಾಗಲು ಈ ಆಪರೇಷನ್ ನೆರವಾಗುವುದು ಕಾಣುತ್ತಿಲ್ಲ ಅಂದಿತು. 2004ರಲ್ಲಿ ಬ್ರಿಟನ್‌ನ ಮಾರ್ಗಸೂಚಿ, ಮಕ್ಕಳಾಗಲಿ ಅಂತ ಇದನ್ನು ಮಾಡಬೇಡಿ ಅಂದಿತು. ಸ್ಕ್ಯಾನಿಂಗ್‌ನಲ್ಲಷ್ಟೇ ಕಾಣುವ ಊತದವರನ್ನೂ, ವೀರ್ಯ ಚೆನ್ನಾಗಿಯೇ ಇದ್ದವರನ್ನೂ ಲೆಕ್ಕಕ್ಕೆ ಸೇರಿಸಿದರೆ ಇನ್ನೇನಾಗುತ್ತದೆ ಅಂತ ಯೂರಾಲಜಿಸ್ಟ್‌ಗಳು ತಿರುಗಿ ಕೇಳಿದರು. ಅಮೆರಿಕದ ಮಾರ್ಗಸೂಚಿ ಹೇಳುವುದು ಸರಳ: ಮಗು ಬೇಕು ಅನ್ನುವವರಲ್ಲಿ ಊತ ಕೈಗೆ ಸಿಗಬೇಕು, ವೀರ್ಯ ಪರೀಕ್ಷೆಯಲ್ಲೂ ಕೊರತೆ ಕಾಣಬೇಕು. ಬರೀ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಟೇಬಲ್ ಮೇಲೆ ಮಲಗುವ ಮುಂಚೆ ಇಷ್ಟನ್ನಾದರೂ ಕೇಳಬಹುದು.

ನಮ್ಮ ಹುಡುಗನಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅವನಿಗೆ ಬೇಕಾಗಿದ್ದು ಕೆಲಸ. ಅದಕ್ಕೇ ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡ. ಆಸ್ಪತ್ರೆಯಲ್ಲಿ ಜೊತೆಗೆ ನಾನೇ ಉಳಿದಿದ್ದೆ. ನಡುರಾತ್ರಿ ಎಬ್ಬಿಸಿ ‘ಅಣ್ಣಾ, ಬಲಗಡೆ ಭುಜ ಸಿಕ್ಕಾಪಟ್ಟೆ ನೋಯ್ತಿದೆ’ ಅಂದ. ಆಪರೇಷನ್ ಆಗಿದ್ದು ಕೆಳಗೆ, ನೋವು ಭುಜದಲ್ಲಿ! ಇಬ್ಬರೂ ಹೆದರಿದೆವು. ಹೊಟ್ಟೆಗೆ ತುಂಬಿದ ಗ್ಯಾಸ್ ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ, ಅದರ ನೋವು ಭುಜದಲ್ಲಿ ಗೊತ್ತಾಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾವಿಬ್ಬರೂ ಸುಮ್ನೆ ಮಲಗುತ್ತಿದ್ದೆವು.

ಮರುದಿನವೇ ಮನೆ. ಆಟೋ ಹಂಪ್ ಹತ್ತಿದಾಗೆಲ್ಲ ಎರಡೂ ಕೈ ಹೊಟ್ಟೆ ಹಿಡಿಯುತ್ತಿದ್ದವು. ಓಣಿಯವರು ಕೇಳಿದರೆ ಚಿಕ್ಕಮ್ಮ ‘ಹರ್ನಿಯಾ’ ಅಂದರು. ಊರಲ್ಲಿ ಎಷ್ಟು ‘ಹರ್ನಿಯಾ’ಗಳು ಇಂಥವೋ ಯಾರಿಗೆ ಗೊತ್ತು. ಬಿಗಿಯಾದ ಒಳಚಡ್ಡಿ ಹಾಕಲು ಹೇಳಿದ್ದರು. ಅಜ್ಜ ‘ಅದಕ್ಕೇ ಗರಡಿಯಲ್ಲಿ ಲಂಗೋಟಿ ಕಟ್ತಿದ್ವಿ’ ಅಂತ ನಕ್ಕರು. ಎರಡು ವಾರ ತುಂಬಿದ ಕೊಡ ಎತ್ತುವ ಹಾಗಿಲ್ಲ, ಸೈಕಲ್ ಇಲ್ಲ, ಓಟವಂತೂ ಇಲ್ಲವೇ ಇಲ್ಲ. ಹೈಡ್ರೋಸೀಲ್ ತಿಂಗಳುಗಳಾದ ಮೇಲೂ ಬರಬಹುದು, ಹಾಗಾಗಿ ಆಮೇಲೂ ಒಂದು ಕಣ್ಣಿಟ್ಟಿರಬೇಕು.

ದೇಹಕ್ಕೆ ತನ್ನದೇ ಕ್ಯಾಲೆಂಡರ್ ಇದೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಅದಕ್ಕೇ ಪರೀಕ್ಷೆ ಮೂರು ತಿಂಗಳ ನಂತರ. ಊದಿದ ನಾಳ ಪೂರ್ತಿ ಇಳಿಯಲೂ ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಅನ್‌ಫಿಟ್ ಆದವರನ್ನು ಸೇನೆ ಮತ್ತೆ ಪರೀಕ್ಷಿಸುವ ರಿವ್ಯೂ ಮೆಡಿಕಲ್‌ನ ದಿನಾಂಕ ಅಷ್ಟು ಕಾಯುವುದಿಲ್ಲ. ಹುಡುಗ ಹೊಲಿಗೆಯ ಗುರುತು ಇನ್ನೂ ಕೆಂಪಗಿರುವಾಗಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟ. ವೀರ್ಯ ಪರೀಕ್ಷೆ ಅವನಿಗೆ ಆಪರೇಷನ್‌ಗೆ ಮುಂಚೆಯೂ ಮಾಡಿಸಿರಲಿಲ್ಲ, ಆಮೇಲೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ‘ಅದ್ಯಾಕಣ್ಣ? ನನಗೆ ಬೇಕಿರೋದು ಫಿಟ್ ಅನ್ನೋ ಚೀಟಿ’ ಅಂದ.