ಪದ ಪರಿಚಯ: ಎಂಡಾರ್ಟರೆಕ್ಟಮಿ

‘ಎಂಡಾರ್ಟರೆಕ್ಟಮಿ’ ಎಂಬ ಪದ ಹೆಚ್ಚಿನವರ ಕಿವಿಗೆ ಮೊದಲು ಬೀಳುವುದು ಮನೆಯ ಹಿರಿಯರೊಬ್ಬರ ಕತ್ತಿನ ಡಾಪ್ಲರ್ (ರಕ್ತನಾಳಗಳ ಅಲ್ಟ್ರಾಸೌಂಡ್ ಪರೀಕ್ಷೆ) ವರದಿ ಕೈಗೆ ಬಂದ ದಿನ. ಗ್ರೀಕ್ ಮೂಲದ ಈ ಪದವನ್ನು ಬಿಡಿಸಿದರೆ ‘ಒಳಗೆ’, ‘ಧಮನಿ’, ‘ಕೊಯ್ದು ತೆಗೆಯುವುದು’ ಎಂಬ ಮೂರು ತುಂಡುಗಳು ಸಿಗುತ್ತವೆ. ಧಮನಿಯಲ್ಲಿ ಕಟ್ಟಿಕೊಂಡ ಜಿಡ್ಡನ್ನು ಅದರ ಒಳಪದರದ ಸಮೇತ ಸುಲಿದು ತೆಗೆಯುವುದು ಎಂದು ಇದರ ಅರ್ಥ. ಇದಕ್ಕೆ ಪರ್ಯಾಯವಾದ ಸ್ಟೆಂಟ್, ಲೋಹದ ಸಣ್ಣ ಜಾಲರಿ ಕೊಳವೆ. ಅದು ಜಿಡ್ಡನ್ನು ಅಲ್ಲೇ ಬಿಟ್ಟು ನಾಳದ ಗೋಡೆಗೆ ಒತ್ತಿ ಹಿಡಿಯುತ್ತದೆ. ತೆಗೆಯುವುದೋ, ಒತ್ತಿ ಹಿಡಿಯುವುದೋ ಎಂಬ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ವೈದ್ಯರ ಉಳಿದ ಮಾತುಗಳು ಸುಲಭವಾಗಿ ಅರ್ಥವಾಗುತ್ತವೆ.

ಕತ್ತಿನ ಎರಡೂ ಬದಿಯಲ್ಲಿ ಮಿಡಿಯುವ ಕ್ಯಾರೋಟಿಡ್ ಧಮನಿಗಳು ದವಡೆಯ ಸ್ವಲ್ಪ ಕೆಳಗೆ ಕವಲೊಡೆಯುತ್ತವೆ. ಒಂದು ಕವಲು ಮೆದುಳಿಗೂ ಕಣ್ಣಿಗೂ, ಇನ್ನೊಂದು ಮುಖಕ್ಕೂ ರಕ್ತ ಒಯ್ಯುತ್ತದೆ. ಜಿಡ್ಡು ಹೆಚ್ಚಾಗಿ ಕಟ್ಟುವುದು ಈ ಕವಲಿನಲ್ಲಿಯೇ. ಅಲ್ಲಿಂದ ಕಳಚಿದ ಚೂರೊಂದು ಮೇಲೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು ಆಗುತ್ತದೆ. ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲಾಗಿ ಕೆಲವೇ ನಿಮಿಷಗಳಲ್ಲಿ ತಿಳಿಯಾಗುವುದು, ಮಾತು ತೊದಲಿ ಮತ್ತೆ ಸರಿಹೋಗುವುದು ಅದರ ಮುನ್ಸೂಚನೆಗಳು. ‘ಸರಿಹೋಯಿತಲ್ಲ’ ಎಂದು ಇವನ್ನು ಕಡೆಗಣಿಸುವುದು ನಿಜಕ್ಕೂ ಅಪಾಯಕಾರಿ.

ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನ ಬದಿಯನ್ನು ಕೊಯ್ದು, ಧಮನಿಗೆ ಕ್ಲ್ಯಾಂಪ್ ಹಾಕಿ, ತೆರೆದು, ಜಿಡ್ಡನ್ನು ತೆಗೆದು, ಹಲವು ಸಲ ತೇಪೆಯೊಂದನ್ನು ಸೇರಿಸಿ ಹೊಲಿಯುತ್ತಾರೆ. ಕೆಲವೆಡೆ ರೋಗಿಯನ್ನು ಎಚ್ಚರವಾಗಿಯೇ ಇಟ್ಟು, ಕತ್ತಿನ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಎದುರು ಬದಿಯ ಕೈಗೆ ಒತ್ತಿದರೆ ಸದ್ದು ಮಾಡುವ ರಬ್ಬರ್ ಆಟಿಕೆ ಕೊಡುತ್ತಾರೆ. ಒತ್ತಲು ಹೇಳಿದಾಗ ಸದ್ದು ಬರದಿದ್ದರೆ ಮೆದುಳಿಗೆ ರಕ್ತ ಸಾಲುತ್ತಿಲ್ಲವೆಂದು ತಿಳಿದು, ತಾತ್ಕಾಲಿಕ ಕೊಳವೆಯೊಂದರ ಮೂಲಕ ರಕ್ತ ಹರಿಸುತ್ತಾರೆ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರನ್ನು ನಾವೆಲ್ಲರೂ ಬಲ್ಲೆವು; ಆದ್ದರಿಂದ ‘ಕತ್ತು ಕೊಯ್ಯುವುದು ಬೇಡ, ಸ್ಟೆಂಟೇ ಹಾಕಿಬಿಡಿ’ ಎಂದು ಮನೆಯವರು ಕೇಳುವುದು ಸಹಜ. ಆದರೆ ಇಲ್ಲಿ ಸ್ಟೆಂಟ್ ಸಾಮಾನ್ಯವಾಗಿ ತೊಡೆಸಂದಿನಿಂದ ಹೊರಟು, ಮಹಾಧಮನಿಯ ಬಾಗನ್ನು ದಾಟಿ ಕತ್ತಿಗೆ ಬರಬೇಕು. ವಯಸ್ಸಾದವರಲ್ಲಿ ಆ ಬಾಗು ಸುಣ್ಣಗಟ್ಟಿ ಅಂಕುಡೊಂಕಾಗಿರುವುದರಿಂದ ದಾರಿಯಲ್ಲಿಯೇ ಚೂರುಗಳು ಕಳಚಬಹುದು. ಕೊಡೆಯಂತೆ ಅರಳುವ ಸೋಸುಬಲೆಯನ್ನು ಜಿಡ್ಡಿನ ಆಚೆ ಇಟ್ಟರೂ ಎಲ್ಲವೂ ಅದಕ್ಕೆ ಸಿಗುವುದಿಲ್ಲ.

ಅಮೆರಿಕ ಮತ್ತು ಕೆನಡಾದ 2,502 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ‘ಕ್ರೆಸ್ಟ್’ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಪಾರ್ಶ್ವವಾಯು ಸ್ಟೆಂಟ್ ಹಾಕಿದವರಲ್ಲಿ ಶೇ 4.1, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 2.3, ಹೃದಯಾಘಾತ ಅದಕ್ಕೆ ತಿರುಗುಮುರುಗಾಗಿ ಕ್ರಮವಾಗಿ ಶೇ 1.1 ಮತ್ತು ಶೇ 2.3. ಆ ದಿನಗಳು ಕಳೆದ ಮೇಲೆ ಎರಡೂ ಹೆಚ್ಚುಕಡಿಮೆ ಸಮಾನವಾಗಿ ರಕ್ಷಣೆ ಕೊಟ್ಟವು. ಒಟ್ಟು ಲೆಕ್ಕ ಸರಿಸಮ ಎಂದು ಇದನ್ನು ಓದುವವರಿದ್ದಾರೆ. ನನಗೆ ಆ ಓದು ಒಪ್ಪಿಗೆಯಿಲ್ಲ. ವರ್ಷದ ನಂತರ ರೋಗಿಗಳ ದಿನನಿತ್ಯದ ಬದುಕನ್ನು ಹೆಚ್ಚು ಬಾಧಿಸಿದ್ದು ಪಾರ್ಶ್ವವಾಯುವೇ ಎಂದು ಅದೇ ಅಧ್ಯಯನ ಕಂಡುಕೊಂಡಿತ್ತು. ಸುಮಾರು 70 ದಾಟಿದವರಿಗೆ ಶಸ್ತ್ರಚಿಕಿತ್ಸೆ ಮೇಲು ಎಂಬುದೂ ಅದರಲ್ಲಿ ಕಂಡುಬಂತು.

ಹಾಗೆಂದು ಸ್ಟೆಂಟ್ ಎರಡನೆಯ ದರ್ಜೆಯದಲ್ಲ. ಕ್ಯಾನ್ಸರಿಗಾಗಿ ಕತ್ತಿಗೆ ವಿಕಿರಣ ಪಡೆದವರು, ಅದೇ ಜಾಗದಲ್ಲಿ ಹಿಂದೊಮ್ಮೆ ಕೊಯ್ಯಿಸಿಕೊಂಡವರು, ಜಿಡ್ಡು ಕೈಗೆಟುಕದಷ್ಟು ಮೇಲಿರುವವರು, ಅರಿವಳಿಕೆಯನ್ನು ತಾಳಿಕೊಳ್ಳದಷ್ಟು ಹೃದಯ ಸೋತವರು, ಇವರಿಗೆಲ್ಲ ಸ್ಟೆಂಟೇ ಸೂಕ್ತವಾಗಬಹುದು. ಕತ್ತು ಕೊಯ್ಯುವಾಗ ನಾಲಿಗೆಯ ಅಥವಾ ಧ್ವನಿಯ ನರಕ್ಕೆ ಪೆಟ್ಟಾಗುವ ಸಂಭವವೂ ಇದರಲ್ಲಿಲ್ಲ; ಬದಲಿಗೆ ಆಸ್ಪಿರಿನ್ ಜೊತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲನ್ನು ಕನಿಷ್ಠ ನಾಲ್ಕು ವಾರ ತಪ್ಪದೆ ನುಂಗಬೇಕಾಗುತ್ತದೆ.

ನಾಳ ಪೂರ್ತಿ ಮುಚ್ಚಿಹೋಗಿದ್ದರೆ ಸಾಮಾನ್ಯವಾಗಿ ಎರಡೂ ಬೇಕಾಗುವುದಿಲ್ಲ. ಲಕ್ಷಣಗಳೇ ಇಲ್ಲದವರಲ್ಲಿ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಹತೋಟಿ, ಧೂಮಪಾನ ಬಿಡುವುದು ಮೊದಲು. ಚಿಕಿತ್ಸೆಯ ವಿಚಾರ ಅನಂತರ. ಲಕ್ಷಣ ಕಾಣಿಸಿಕೊಂಡು ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಮಾತ್ರ ಕಾಯುವಂತಿಲ್ಲ: ಶಸ್ತ್ರಚಿಕಿತ್ಸೆಯ ಪೂರ್ಣ ಲಾಭ ಸಿಗುವುದು ಎರಡು ವಾರಗಳೊಳಗೆ. ಆ ಅವಧಿಯಲ್ಲಿ ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ನಿಮ್ಮ ತಂಡ ಮಾಡಿದ ಇಂತಹ ನೂರು ಚಿಕಿತ್ಸೆಗಳಲ್ಲಿ ಎಷ್ಟು ಮಂದಿಗೆ ಪಾರ್ಶ್ವವಾಯು ಅಥವಾ ಸಾವು ಸಂಭವಿಸಿದೆ? ಲಕ್ಷಣವಿರುವವರಲ್ಲಿ ಅದು ಆರನ್ನು ಮೀರಬಾರದೆಂಬುದು ವೈದ್ಯಕೀಯ ಮಾರ್ಗಸೂಚಿಗಳು ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ಮಿತಿ.