ಪೇಟೆಂಟ್‌ನ ಮೊದಲ ತಾರೀಖು: ಬರೆದಷ್ಟಕ್ಕೇ ಹಕ್ಕು

ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ ಪಲ್ಪರ್‌ನ ಕಾಟ ಗೊತ್ತೇ ಇದೆ. ಡ್ರಮ್ಮಿಗೂ ಎದುರಿನ ತಗಡಿಗೂ ನಡುವಿನ ಸಂದು ಸ್ವಲ್ಪ ಕಿರಿದಾದರೆ ಬೀಜಕ್ಕೆ ಪೆಟ್ಟು. ಅಗಲವಾದರೆ ಹಣ್ಣು ಸಿಪ್ಪೆ ಸಮೇತ ಜಾರಿಹೋಗುತ್ತದೆ. ಹಣ್ಣಿನ ಗಾತ್ರ ನೋಡಿಕೊಂಡು ಸಂದು ತಾನೇ ಹೊಂದಿಕೊಳ್ಳುವಂತೆ ಇಲ್ಲಿನ ವರ್ಕ್‌ಶಾಪ್ ಹುಡುಗನೊಬ್ಬ ಸ್ಪ್ರಿಂಗ್ ಕೂರಿಸಿದ ಅಂದುಕೊಳ್ಳೋಣ. ಈ ಮಿಷನ್ ಬ್ರೆಜಿಲ್‌ಗೂ ಬೇಕು, ವಿಯೆಟ್ನಾಂಗೂ ಬೇಕು. ಆದರೆ ಪೇಟೆಂಟ್ ಆಯಾ ದೇಶಕ್ಕೆ ಬೇರೆ ಬೇರೆ. ಒಂದೇ ದಿನ ಎಲ್ಲ ಕಡೆ ಅರ್ಜಿ ಹಾಕಲು ದುಡ್ಡೆಲ್ಲಿಂದ ತರೋದು?

ಇದಕ್ಕೆ ದಾರಿ ಸಿಕ್ಕಿದ್ದು 1883ರಲ್ಲಿ. ಪ್ಯಾರಿಸ್ ಒಪ್ಪಂದದ 4ನೇ ವಿಧಿಯ ಪ್ರಕಾರ, ಒಂದು ಸದಸ್ಯ ದೇಶದಲ್ಲಿ ಮೊದಲ ಅರ್ಜಿ ಹಾಕಿದವರಿಗೆ ಬೇರೆ ಸದಸ್ಯ ದೇಶಗಳಲ್ಲಿ ಹಾಕಲು 12 ತಿಂಗಳ ಸಮಯವಿದೆ. ಆ ನಡುವೆ ಬೇರೆಯವರು ಅದನ್ನೇ ಹಾಕಿದರೂ, ಇವನೇ ಮಿಷನ್ ಮಾರಿದರೂ, ಅದೊಂದೇ ಕಾರಣಕ್ಕೆ ಇವನ ಮುಂದಿನ ಅರ್ಜಿ ಬಿದ್ದುಹೋಗುವುದಿಲ್ಲ. ಇದೇ ಆದ್ಯತೆಯ ಹಕ್ಕು. ಭಾರತ ಈ ಒಪ್ಪಂದಕ್ಕೆ ಸೇರಿದ್ದು ಮಾತ್ರ 1998ರ ಡಿಸೆಂಬರ್‌ನಲ್ಲಿ.

ಪಿಸಿಟಿ ಅಂತ ಕರೆಯುವ 1970ರ ಪೇಟೆಂಟ್ ಸಹಕಾರ ಒಪ್ಪಂದದಿಂದ ಹೊಸ ಹಕ್ಕು ಬರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಅದರ 8ನೇ ವಿಧಿ ಪ್ಯಾರಿಸ್ ಹಕ್ಕನ್ನೇ, ಹಲವು ದೇಶಗಳಿಗೆ ಸೇರಿಸಿ ಹಾಕುವ ಒಂದೇ ಅಂತಾರಾಷ್ಟ್ರೀಯ ಅರ್ಜಿಯಲ್ಲಿ ಕೇಳಿಕೊಳ್ಳಲು ಬಿಡುತ್ತದೆ, ಅಷ್ಟೇ. ಆ ಅರ್ಜಿಯನ್ನು 12 ತಿಂಗಳೊಳಗೆ ಹಾಕಿದರೆ, ಆಮೇಲೆ ಒಂದೊಂದು ದೇಶದ ಬಾಗಿಲು ತಟ್ಟಲು ಸಾಮಾನ್ಯವಾಗಿ 30 ತಿಂಗಳವರೆಗೆ ಸಮಯ, ಭಾರತದಲ್ಲಿ 31. ಆದರೆ ಈ ಲೆಕ್ಕ ಶುರುವಾಗುವುದು ಮೊದಲ ಅರ್ಜಿಯ ತಾರೀಖಿನಿಂದ.

ನಮ್ಮವರು ಎಡವುವುದು ಎಲ್ಲಿ ಅಂದ್ರೆ, ತಾತ್ಕಾಲಿಕ ಅರ್ಜಿಯನ್ನು, ಅಂದರೆ ಪೂರ್ಣ ವಿವರ ಆಮೇಲೆ ಕೊಡುವಂಥ ಮೊದಲ ಅರ್ಜಿಯನ್ನು, ಸುಮ್ನೆ ಎರಡು ಪುಟ ಬರೆದು ಚೆನ್ನೈ ಪೇಟೆಂಟ್ ಕಚೇರಿಗೆ ಹಾಕಿಬಿಡುವಲ್ಲಿ. ಆ ತಾರೀಖು ಸಿಗುವುದು ಅದರಲ್ಲಿ ಇರುವ ಸಂಗತಿಗೆ ಮಾತ್ರ. ನಮ್ಮ ಹುಡುಗ ಮೊದಲು ಸ್ಪ್ರಿಂಗ್ ಬಗ್ಗೆ ಬರೆದ. ಎಂಟು ತಿಂಗಳಾದ ಮೇಲೆ ಸಂದು ಅಳೆಯುವ ಸೆನ್ಸರ್ ಸೇರಿಸಿ, ಮೇಳದಲ್ಲಿ ಎಲ್ಲರೆದುರು ಬಿಚ್ಚಿ ತೋರಿಸಿದ. ಹನ್ನೆರಡನೇ ತಿಂಗಳಿಗೆ ಎರಡನ್ನೂ ಸೇರಿಸಿ ಪಿಸಿಟಿ ಅರ್ಜಿ ಹಾಕಿದ. ಸ್ಪ್ರಿಂಗ್‌ಗೆ ಹಳೆಯ ತಾರೀಖು, ಸೆನ್ಸರ್‌ಗೆ ಹೊಸದು. ಯುರೋಪಿನಲ್ಲಿ ಆ ಸೆನ್ಸರ್‌ಗೆ ಪೇಟೆಂಟ್ ಸಿಗುವುದಿಲ್ಲ, ಅವನ ಪ್ರದರ್ಶನವೇ ಅವನಿಗೆ ಅಡ್ಡ. ಹೊಸ ಭಾಗ ಹೊಳೆದ ಕೂಡಲೇ, ಮೇಳಕ್ಕೆ ಮೊದಲೇ, ಇನ್ನೊಂದು ಅರ್ಜಿ ಹಾಕಿದ್ದರೆ ಅದೂ ಉಳಿಯುತ್ತಿತ್ತು. ಒಂದೇ ಪಿಸಿಟಿ ಅರ್ಜಿಯಲ್ಲಿ ಎರಡು ಮೂರು ಹಳೆಯ ತಾರೀಖು ಕೇಳಲು ಅಡ್ಡಿಯೇನಿಲ್ಲ.

ಹಕ್ಕು ಯಾರದು ಅನ್ನುವುದೂ ಅಷ್ಟೇ ದೊಡ್ಡ ವಿಷಯ. ಮೊದಲ ಅರ್ಜಿ ಹಾಕಿದವರು ಅಥವಾ ಅವರಿಂದ ಹಕ್ಕು ಪಡೆದವರು ಮಾತ್ರ ಆದ್ಯತೆ ಕೇಳಬಹುದು. ಕ್ರಿಸ್ಪರ್ ಜೀನ್ ತಿದ್ದುವ ತಂತ್ರದಲ್ಲಿ ಅಮೆರಿಕದ ಬ್ರಾಡ್ ಸಂಸ್ಥೆಗೆ ಹೀಗೇ ಆಯಿತು. ಮೊದಲ ಅರ್ಜಿಗಳಲ್ಲಿದ್ದ ಒಬ್ಬ ಅರ್ಜಿದಾರರ ಹೆಸರು ಪಿಸಿಟಿ ಅರ್ಜಿಯಲ್ಲಿ ಇರಲಿಲ್ಲ. ಅವರ ಹಕ್ಕು ಉಳಿದವರಿಗೆ ವರ್ಗವಾಗಿಯೂ ಇರಲಿಲ್ಲ. ಹಳೆಯ ತಾರೀಖು ಕೈತಪ್ಪಿತು. ನಡುವೆ ಪ್ರಕಟವಾಗಿದ್ದ ಬರಹಗಳ ಮುಂದೆ ಆವಿಷ್ಕಾರ ಹೊಸದಾಗಿ ಉಳಿಯಲಿಲ್ಲ. 2020ರ ಜನವರಿಯಲ್ಲಿ ಯುರೋಪಿಯನ್ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿ ಪೇಟೆಂಟ್ ರದ್ದತಿಯನ್ನು ಎತ್ತಿಹಿಡಿಯಿತು. 2023ರಲ್ಲಿ ಅಲ್ಲಿನ ವಿಸ್ತೃತ ಮಂಡಳಿ ಸ್ವಲ್ಪ ಸಡಿಲ ಮಾಡಿತು: ಕೇಳಿದವರಿಗೆ ಹಕ್ಕಿದೆ ಎಂದೇ ಮೊದಲು ಭಾವಿಸಬೇಕು, ಇಲ್ಲ ಅನ್ನುವವರು ಸಾಬೀತು ಮಾಡಲಿ.

ಆದರೂ ಆ ಸಡಿಲಿಕೆ ಯುರೋಪಿನದು. ಡ್ರಾಯಿಂಗ್ ಮಾಡಿಕೊಟ್ಟ ಗೆಳೆಯ ಮೊದಲ ಅರ್ಜಿಯಲ್ಲಿ ಜೊತೆ ಅರ್ಜಿದಾರನಾಗಿದ್ದರೆ, ಎರಡನೇ ಅರ್ಜಿಯಲ್ಲೂ ಅವನ ಹೆಸರಿರಲಿ. ಇಲ್ಲವಾದರೆ ಅದನ್ನು ಹಾಕುವ ಮೊದಲೇ ಹಕ್ಕು ವರ್ಗಾವಣೆ ಪತ್ರಕ್ಕೆ ಅವನ ಸಹಿ ಬೀಳಲಿ.