ರೆಪ್ಪೆಯಲ್ಲಿ ಉಳಿದ ಎಣ್ಣೆ

"ಅಕ್ಕ, ಇದು ವಾಟರ್‌ಪ್ರೂಫ್ ಕಾಜಲೇ. ಆದರೂ ಹತ್ತು ಗಂಟೆಗೆಲ್ಲ ಕಣ್ಣಿನ ಕೆಳಗೆ ಕಪ್ಪು." ಉಡುಪಿ, ಕುಂದಾಪುರದ ಕಡೆ ಮದುಮಗಳ ಮೇಕಪ್ ಮಾಡುವ ನನಗೆ ಮದುವೆ ಸೀಸನ್ನಿನಲ್ಲಿ ಈ ದೂರು ಕೇಳದ ವಾರವಿಲ್ಲ. ಒಂದು ಕಾಜಲ್ ನಿಲ್ಲಲಿಲ್ಲವೆಂದು ಇನ್ನೊಂದು, ಅದೂ ನಿಲ್ಲಲಿಲ್ಲವೆಂದು ಅದಕ್ಕಿಂತ ದುಬಾರಿಯದ್ದು. ಯಾವ ಕಂಪನಿಯದ್ದೆಂದು ನಾನು ಕೇಳುವುದೇ ಇಲ್ಲ. "ಬೆಳಿಗ್ಗೆ ಮುಖಕ್ಕೆ ಏನು ಹಚ್ಚಿದ್ದೆ? ರಾತ್ರಿ ಏನು ಹಚ್ಚಿ ಮಲಗಿದ್ದೆ?" ಎಂದು ಕೇಳುತ್ತೇನೆ. ರೆಪ್ಪೆಗೂದಲು ದಪ್ಪ ಬೆಳೆಯಲಿ ಎಂದು ಹರಳೆಣ್ಣೆ, ಕಣ್ಣ ಸುತ್ತ ಕ್ರೀಮ್, ಮೇಲೆ ಸನ್‌ಸ್ಕ್ರೀನ್. ಕಪ್ಪು ಇಳಿದದ್ದು ಯಾಕೆಂದು ಅಲ್ಲೇ ಗೊತ್ತಾಗುತ್ತದೆ.

ವಾಟರ್‌ಪ್ರೂಫ್ ಎಂದರೆ ನೀರಿಗೆ ಜಗ್ಗುವುದಿಲ್ಲ ಎಂದು ಮಾತ್ರ. ಎಣ್ಣೆಗೂ ಜಗ್ಗುವುದಿಲ್ಲ ಎಂದು ನಾವು ಸೇರಿಸಿಕೊಂಡು ಓದುತ್ತೇವೆ. ನಮ್ಮ ಅಜ್ಜಿಯರು ದೀಪದ ಮಸಿ ಹಿಡಿದು, ಅದಕ್ಕೆ ಹರಳೆಣ್ಣೆಯನ್ನೋ ತುಪ್ಪವನ್ನೋ ಕಲಸಿ ಕಾಡಿಗೆ ಮಾಡುತ್ತಿದ್ದರು. ಅಂಗಡಿಯ ಪೆನ್ಸಿಲ್ ಕೂಡ ಅದೇ ಜಾತಿಯದು: ಮೇಣ, ಎಣ್ಣೆ, ಕಪ್ಪು ಬಣ್ಣ. ದಿನವಿಡೀ ನಿಲ್ಲುತ್ತದೆ ಎನ್ನುವ ಜೆಲ್ ಪೆನ್ಸಿಲ್‌ಗಳಲ್ಲಿ ಬೇಗ ಆರಿಹೋಗುವ ದ್ರವವೊಂದು ಸೇರಿರುತ್ತದೆ, ಅಷ್ಟೇ. ಮೇಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಟ್ರಯಲ್‌ಗೆ ಬಂದ ಪ್ರತಿಯೊಬ್ಬಳಿಗೂ ಮಾಡಿ ತೋರಿಸುತ್ತೇನೆ. ಅವಳದೇ ಕಾಜಲ್‌ನಿಂದ ಅವಳ ಅಂಗೈ ಹಿಂಬದಿಯಲ್ಲಿ ಒಂದು ಗೆರೆ ಎಳೆದು ಒಂದು ನಿಮಿಷ ಬಿಡುತ್ತೇನೆ. ನಳ್ಳಿ ಕೆಳಗೆ ಹಿಡಿ ಎನ್ನುತ್ತೇನೆ. ಗೆರೆ ಹಾಗೇ ಇರುತ್ತದೆ, ಅವಳ ಮುಖ ಅರಳುತ್ತದೆ. ಕೈ ಒರೆಸಿಕೊಂಡ ಮೇಲೆ ಗೆರೆಯ ಮೇಲೆ ಒಂದು ಹನಿ ತೆಂಗಿನೆಣ್ಣೆ ಬಿಟ್ಟು ಬೆರಳಾಡಿಸುತ್ತೇನೆ. ನಾಲ್ಕು ಸುತ್ತಿಗೆ ಗೆರೆ ಹೋಗಿ ಬೂದು ಬಣ್ಣದ ಕಲೆ ಉಳಿಯುತ್ತದೆ. ಕಣ್ಣ ಕೆಳಗೆ ಕಾಣುವುದೂ ಇದೇ ಕಲೆ.

"ನಾನು ಎಣ್ಣೆ ಹಚ್ಚುವುದೇ ಇಲ್ಲವಲ್ಲ" ಎನ್ನುವವರಿದ್ದಾರೆ. ನೀವು ಹಚ್ಚದಿದ್ದರೂ ರೆಪ್ಪೆ ಬಿಡಬೇಕಲ್ಲ! ಮೇಲಿನ ರೆಪ್ಪೆಯ ಅಂಚಿನಲ್ಲೂ ಕೆಳಗಿನದರಲ್ಲೂ ಎಣ್ಣೆ ಒಸರುವ ಸಣ್ಣ ಗ್ರಂಥಿಗಳ ಸಾಲಿದೆ, ಒಂದೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು. ಕಣ್ಣೀರು ಬೇಗ ಆರಿಹೋಗದಂತೆ ಕಾಯುವುದು ಆ ಎಣ್ಣೆಯೇ. ರೆಪ್ಪೆಗೂದಲಿಗಿಂತ ಒಳಗೆ, ಆ ಒದ್ದೆ ಅಂಚಿಗೆ ಹಚ್ಚಿದ ಕಾಡಿಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲುವುದು ಬಲು ಕಷ್ಟ. ಆ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ರೆಪ್ಪೆಗೂದಲ ಬುಡಕ್ಕೆ ಹೊರಗಿನಿಂದ ಎಳೆದ ಗೆರೆ ನಿಲ್ಲುತ್ತದೆ. ಕಣ್ಣಿಗೂ ಅದೇ ಹಿತ.

ಎರಡು ವರ್ಷದ ಹಿಂದಿನ ಏಪ್ರಿಲ್‌ನ ಒಂದು ಮದುವೆ. ಹಿಂದಿನ ದಿನ ಅರಸಿನ-ಎಣ್ಣೆ ಆಗಿತ್ತು. ಅತ್ತೆಯಂದಿರು, ಚಿಕ್ಕಮ್ಮಂದಿರು ಎಲ್ಲ ಸೇರಿ ಹುಡುಗಿಗೆ ಪ್ರೀತಿಯಿಂದ ಬಳಿದಿದ್ದರು. ಬೆಳಿಗ್ಗೆ ಐದಕ್ಕೆ ನಾನು ಹೋಗುವಾಗ ಮಿಂದು, ಮುಖ ತೊಳೆದು ಕೂತಿದ್ದಳು. "ಎರಡು ಸಲ ಫೇಸ್‌ವಾಶ್ ಹಾಕಿದ್ದೇನೆ ಅಕ್ಕ." ಹತ್ತಿಯನ್ನು ಮಿಸೆಲ್ಲರ್ ವಾಟರ್‌ನಲ್ಲಿ (ಮೇಕಪ್, ಜಿಡ್ಡು ತೆಗೆಯುವ ನೀರಿನಂಥ ದ್ರವ) ಅದ್ದಿ ರೆಪ್ಪೆಯ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು ತೆಗೆದೆ. ಹತ್ತಿ ಹಳದಿ, ಬೆಳಕಿಗೆ ಹಿಡಿದರೆ ಜಿಡ್ಡಿನ ಹೊಳಪು. ಎರಡನೆಯ ಹತ್ತಿಯೂ ಹಳದಿಯೇ. ಕೂದಲ ಬುಡದಲ್ಲಿ, ರೆಪ್ಪೆಯ ಮಡಿಕೆಯಲ್ಲಿ ಅದು ಕೂತಿತ್ತು. ಉರಿಯುತ್ತದೆಂದು ಕಣ್ಣಿನ ಹತ್ತಿರ ಯಾರೂ ಸೋಪು ಒಯ್ಯುವುದಿಲ್ಲ ನೋಡಿ. ಅವಳಮ್ಮನಿಗೆ ಗಾಬರಿ: "ಮುಹೂರ್ತಕ್ಕೆ ತಡವಾಗ್ತದೆ ಮಾರಾಯ್ತಿ, ಬೇಗ ಬಣ್ಣ ಹಚ್ಚು." ಮೂರನೆಯ ಹತ್ತಿ ಬೆಳ್ಳಗೆ ಬಂದ ಮೇಲೆಯೇ ನಾನು ಬ್ರಷ್ ಮುಟ್ಟಿದ್ದು. ಅರ್ಧ ಗಂಟೆ ಹೋಮದ ಹೊಗೆ, ಧಾರೆಯ ಹೊತ್ತಿಗೆ ಅಪ್ಪನನ್ನು ನೋಡಿ ಅಳು, ಕರಾವಳಿಯ ಆ ಬೆವರು. ಊಟದ ಪಂಕ್ತಿಯಲ್ಲಿ ನೋಡಿದಾಗ ಗೆರೆ ಇದ್ದಲ್ಲೇ ಇತ್ತು. ನಾನು ಹಚ್ಚಿದ್ದು ಅವಳೇ ತಂದಿದ್ದ ಸಾಧಾರಣ ಪೆನ್ಸಿಲ್.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವುದೇ. ಒಣ ರೆಪ್ಪೆಗೆ ಪ್ರೈಮರ್ (ಬಣ್ಣ ನಿಲ್ಲಲು ಮೊದಲು ಹಚ್ಚುವ ತಳಪದರ), ತೆಳುವಾಗಿ ಪೌಡರ್, ಗೆರೆ, ಗೆರೆಯ ಮೇಲೆ ಅದೇ ಬಣ್ಣದ ಐಶ್ಯಾಡೋ ಪುಡಿಯನ್ನು ಒತ್ತುವುದು. ಒತ್ತಬೇಕು, ಉಜ್ಜಬಾರದು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ಯಕ್ಷಗಾನದ ವೇಷಧಾರಿಗಳು ಎಣ್ಣೆಯಲ್ಲಿ ಕಲಸಿದ ಬಣ್ಣ ಬಳಿದುಕೊಂಡ ಮೇಲೆ ಪೌಡರ್ ತಟ್ಟಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡಿದವಳು. ಜಿಡ್ಡನ್ನು ಹಿಡಿದು ನಿಲ್ಲಿಸುವುದು ಆ ಪುಡಿ. ಜೆಲ್ ಪೆನ್ಸಿಲ್ ಆದರೆ ಗೆರೆ ಎಳೆದು ಒಂದು ನಿಮಿಷ ಕಣ್ಣನ್ನು ಪೂರ್ತಿ ತೆರೆಯದೆ ಕೆಳಗೆ ನೋಡುತ್ತಿರಿ, ದ್ರವ ಆರಲಿ. ಮಸ್ಕಾರ ಸದಾ ಕೆಳಗಿಳಿಯುವವರು ಟ್ಯೂಬಿಂಗ್ ಮಸ್ಕಾರ ಕೇಳಿ ತೆಗೆದುಕೊಳ್ಳಿ. ಅದು ಒಂದೊಂದು ಕೂದಲಿಗೂ ಕೊಳವೆಯಂತೆ ಸುತ್ತಿಕೊಳ್ಳುತ್ತದೆ, ಎಣ್ಣೆಗೆ ಸುಲಭಕ್ಕೆ ಸಡಿಲುವುದಿಲ್ಲ, ಬಿಸಿನೀರಿಗೆ ಕಳಚಿ ಬರುತ್ತದೆ.

ಮಧ್ಯಾಹ್ನ ಸ್ವಲ್ಪ ಹರಡಿದರೆ ಮೇಲಿಂದ ಮತ್ತೆ ಕಾಜಲ್ ಎಳೆಯಬೇಡಿ, ದಯವಿಟ್ಟು. ಜಿಡ್ಡಿನ ಮೇಲೆ ಇನ್ನಷ್ಟು ಮೇಣ ಹಚ್ಚಿದಂತಾಯಿತು. ಒಣ ಹತ್ತಿಕಡ್ಡಿಯಿಂದ ಹರಡಿದ್ದನ್ನು ತೆಗೆದು, ಚಿಟಿಕೆ ಪೌಡರ್ ಒತ್ತಿ ಬಿಡಿ. ಕಣ್ಣೀರು ಬಂದರೆ ಟಿಶ್ಯೂವಿನ ಮೂಲೆ ಮಡಚಿ ಕಣ್ಣಿನ ತುದಿಗೆ ಮುಟ್ಟಿಸಿ, ಅದೇ ಹೀರಿಕೊಳ್ಳುತ್ತದೆ.

ಇದೆಲ್ಲ ಆರೋಗ್ಯವಾಗಿರುವ ಕಣ್ಣಿನ ಮಾತು. ಕಣ್ಣು ಕೆಂಪಾಗಿದ್ದರೆ, ತುರಿಸುತ್ತಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ಮೊದಲು ಕಣ್ಣಿನ ಡಾಕ್ಟರನ್ನು ಕೇಳಿ. ಅವರು ಬೇಡವೆಂದರೆ ಮದುವೆಯ ದಿನವಾದರೂ ನಾನು ಹಚ್ಚುವುದಿಲ್ಲ. ಒಬ್ಬರ ಕಾಜಲ್ ಇನ್ನೊಬ್ಬರಿಗೆ, ಅಕ್ಕತಂಗಿಯರಾದರೂ, ಬೇಡ.

ಆ ತೆಂಗಿನೆಣ್ಣೆಯನ್ನು ರಾತ್ರಿಗೆ ಇಟ್ಟುಕೊಳ್ಳಿ. ಹತ್ತಿಗೆ ನಾಲ್ಕು ಹನಿ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟರೆ ದಿನವಿಡೀ ನಿಂತಿದ್ದ ಕಪ್ಪೆಲ್ಲ ಉಜ್ಜದೆಯೇ ಬರುತ್ತದೆ. ಆಮೇಲೆ ಆ ಎಣ್ಣೆಯನ್ನೂ ತೊಳೆದು ಮಲಗಿ. ಮರುದಿನ ರಿಸೆಪ್ಷನ್ ಇದ್ದರೆ ರೆಪ್ಪೆಯ ಬುಡವನ್ನು ಮರೆಯದೆ ತೊಳೆಯಿರಿ.